ಅಕ್ಕನ ಒತ್ತಕ್ಷರ

4 ಜೂನ್

ಪ್ರೀತಿಯ ಪುಟಿಗೆ,

ನಿನ ಕಾಗದಕೆ ಉತರ ಬರೀಲಿಲ ಅಂತ ಮುಖ ಊದಿಸ್ಕೋಬೇಡ. ಕೈಯಲಿ ಬರೆಯೋಕೆ ಪುರುಸೊತಿಲ. ಊಟದ ಬಿಡುವಲಿ ಆಫೀಸಿನ ಕಂಪ್ಯೂಟರಲೇ ಟೈಪ್ ಮಾಡ್ತಿದೀನಿ. ಇಲಿ ಎಲಾ ಕ್ಷೇಮ. ಆಸ್ಪತ್ರೆಯಲಿ ಕತೆ ಹಾಗೆ ದುಡೀತಿದೀನಿ. ಡಾಕ್ಟರುಗಳು ಹೇಳಿದು ಕಿವಿಯೊಳಗೆ ಬರ್ತಾ ಇರುತೆ, ನಾನು ಹೊಡೀತಾ ಇರ್ತೀನಿ. ನಿನ ಭಾವನ ರಿಪೇರಿ ಅಂಗಡಿ ತುಂಬಾ ಊರವರ ಕೆಟ ರಿಮೋಟುಗಳು.

ನನ ಪಕದ ಕುರ್ಚಿಗೆ ಹೊಸಬರು ಬಂದಿದಾರೆ. ಹಿಂದೆ ಬ್ಯಾಂಕಿನಲಿ ಕ್ಯಾಶಿಯರ್ ಆಗಿದವರು, ರಿಟೈರಾದ ಮೇಲೆ ಮನೇಲಿ ಕೂರೋಕೆ ಆಗದೆ ಬಂದರಂತೆ. ಎಲರೂ ಕ್ಯಾಶಿಯರ್ ಸಾಹೇಬ್ರು ಅಂತಲೇ ಕರೀತೀವಿ. ಅಂಕಿ ಬಂತು ಅಂದ್ರೆ ಅವರ ಬಲಗೈ ಕೀಬೋರ್ಡಿನ ಬಲ ಮೂಲೆಗೆ ಓಡುತೆ, ಕಣು ಮಾತ್ರ ಅಲಾಡಲ. ನನಗೆ ಮೇಲಿನ ಸಾಲೇ ಅಭ್ಯಾಸ, ಹಳೇ ಟೈಪ್‌ರೈಟರಲಿ ಕಲಿತವಳಲವಾ.

ನಿನ ಹೊಸ ಕೆಲಸ ಏನು ಅಂತ ಕೇಳಿದವರಿಗೆಲಾ ಕಂಪ್ಯೂಟರಿನ ಪೊಲೀಸು ಅಂತಿದೀನಿ. ಸರಿನಾ? ನೀವು ಕೀಬೋರ್ಡು ಕೂಡ ಬಿಚಿ ನೋಡ್ತೀರಂತೆ, ನಿಜವಾ? ಅದರೊಳಗೆ ನೋಡೋಕೆ ಏನಿರುತೆ? ಸುಮನೆ ಕೇಳಿದೆ.

ನಿನ ಅಕ


11 ಜೂನ್

ಅಕ್ಕ,

ಮೊದಲು ಜಗಳ, ಆಮೇಲೆ ಉತ್ತರ. ನಿನ್ನ ಒತ್ತಕ್ಷರಗಳನ್ನೆಲ್ಲ ಯಾರು ಕದ್ದರು? "ಇಲಿ ಎಲಾ ಕ್ಷೇಮ" ಅಂತ ಬರೆದಿದ್ದೀಯ. ಇಲಿ ಕ್ಷೇಮವಾಗಿದ್ದರೆ ಸಂತೋಷ, ನೀನು ಹೇಗಿದ್ದೀಯ? "ಕತೆ ಹಾಗೆ ದುಡೀತಿದೀನಿ" ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ನನ್ನದೊಂದು ಕೊಂಬು ತಪ್ಪಿದರೆ ಸ್ಲೇಟು ಒರೆಸಿ ಮತ್ತೆ ಬರೆಸುತ್ತಿದ್ದ ಮಹಾತಾಯಿ ನೀನೇನಾ?

ನಿಜ ಹೇಳಲಾ, ಟೈಪ್ ಮಾಡಿದ ಕಾಗದ ನೋಡಿ ಬೇಜಾರಾಯ್ತು. ನಿನ್ನ ಕೈಬರಹ ನೋಡಿದರೆ ನಿನ್ನ ಮುಖ ನೋಡಿದ ಹಾಗಿರುತ್ತೆ. ಇದು ಗೋಡೆಗೆ ಅಂಟಿಸೋ ನೋಟೀಸಿನ ಹಾಗಿದೆ. ಫೋನು ನಮ್ಮ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು, ನಾನು ಹೊರಗೆ ಬರೋ ಹೊತ್ತಿಗೆ ನಿನ್ನ ಪಾಳಿ ಶುರು. ಇರೋದು ಈ ಕಾಗದ ಒಂದು. ಅದಕ್ಕೂ ಪುರುಸೊತ್ತಿಲ್ಲ ಅಂದರೆ ನನ್ನ ಮೇಲೆ ಏನೋ ಕೋಪ ಇರಬೇಕು. ಇದ್ದರೆ ನೇರವಾಗಿ ಬೈದುಬಿಡು.

ಈಗ ಉತ್ತರ. ಕೀಬೋರ್ಡು ಅಂದರೆ ಬರೀ ಗುಂಡಿಗಳಲ್ಲ. ಅದರ ಹೊಟ್ಟೆಯಲ್ಲಿ ಉಗುರಿನಷ್ಟು ದೊಡ್ಡ ಚಿಪ್ ಇರುತ್ತೆ, ಅದರೊಳಗೆ ಒಂದು ಪುಟಾಣಿ ಪ್ರೋಗ್ರಾಂ. ಅದಕ್ಕೆ ಫರ್ಮ್‌ವೇರ್ ಅಂತ ಹೆಸರು. ಮೌಸಿಗೂ ಪ್ರಿಂಟರಿಗೂ ಹೀಗೇ ಒಂದೊಂದು ಇದೆ. ಯಾವ ಗುಂಡಿ ಒತ್ತಿದರೆ ಕಂಪ್ಯೂಟರಿಗೆ ಏನು ಹೇಳಬೇಕು ಅನ್ನೋದೆಲ್ಲ ಅದರ ಕೈಯಲ್ಲಿ. ಯಾರಾದರೂ ಗುಟ್ಟಾಗಿ ಅದನ್ನು ಬದಲಾಯಿಸಿದರೆ ಪಾಪದ ಕಂಪ್ಯೂಟರಿಗೆ ಗೊತ್ತೇ ಆಗಲ್ಲ, ಕೀಬೋರ್ಡು ಹೇಳಿದ್ದನ್ನೇ ನಂಬಿಕೊಂಡು ಕೂತಿರುತ್ತೆ. ನೀನು ಒತ್ತಿದ ಒಂದೊಂದು ಅಕ್ಷರವನ್ನೂ ಕದ್ದು ಬೇರೆಯವರಿಗೆ ಮುಟ್ಟಿಸಬಹುದು.

ಅದಕ್ಕೇ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಇದೆಯಾ ಅಂತ ನಾವು ನೋಡ್ತೀವಿ. ಇಡೀ ಪ್ರೋಗ್ರಾಮನ್ನು ಒಂದು ಲೆಕ್ಕಕ್ಕೆ ಹಾಕಿದರೆ ಅಂಕಿ ಅಕ್ಷರಗಳ ಒಂದು ಉದ್ದ ಸಾಲು ಬರುತ್ತೆ. ನಾವು ಅದನ್ನ ಬೆರಳಚ್ಚು ಅಂತೀವಿ. ಒಳಗೆ ಒಂದು ಚುಕ್ಕೆ ಬದಲಾಗಿದ್ದರೂ ಸಾಲು ಪೂರ್ತಿ ಬೇರೆಯಾಗುತ್ತೆ. ತಯಾರಿಸಿದವರು ಕೊಟ್ಟ ಬೆರಳಚ್ಚಿನ ಪಕ್ಕ ಇಟ್ಟು ನೋಡೋದು, "ಹೊಂದುತ್ತದೆ" ಅಥವಾ "ಹೊಂದುವುದಿಲ್ಲ" ಅಂತ ಬರೆಯೋದು. ಮೂರನೇ ಮಾತಿಲ್ಲ. ನೀನು ಬೆರಳಚ್ಚುಗಾರ್ತಿ, ನಾನು ಬೆರಳಚ್ಚು ನೋಡುವವಳು. ಅಕ್ಕತಂಗಿ ಇಬ್ಬರೂ ಬೆರಳನ್ನೇ ನಂಬಿ ಹೊಟ್ಟೆ ಹೊರೆಯೋ ಹಾಗಾಯ್ತು ನೋಡು.

ನಿನ್ನ ಪುಟ್ಟಿ ("ಪುಟಿ" ಅಲ್ಲ)


19 ಜೂನ್

ಪುಟ್ಟಿಗೆ,

ಇದೋ ನಿನ್ನ ಒತ್ತಕ್ಷರ. ಇಲ್ಲಿ, ಎಲ್ಲಾ, ಕತ್ತೆ. ಸಾಕಾ? ಒಂದೊಂದಕೂ ನಿಂತು ನಿಂತು ಹೊಡೀಬೇಕು, ಅಷ್ಟು ತಾಳ್ಮೆ ನನಗಿಲ. ಆಫೀಸಿನ ಕೆಲಸಕಾದ್ರೆ ಕೂತು ತಿದ್ತೀನಿ, ನಿನಗೆಲಾ ಯಾರು ತಿದ್ತಾರೆ. ಕೋಪ ಯಾಕೆ ಬರುತೆ ಹುಚಿ.

ಇಲಿ ಒಂದು ರಾಮಾಯಣ ನಡೀತಿದೆ. ಹೋದ ವಾರ ಒಂದು ದಿನ ರಜ ಹಾಕಿದೆ, ಸ್ವಲ್ಪ ಕೆಲಸ ಇತು. ಅವತು ಕ್ಯಾಶಿಯರ್ ಸಾಹೇಬ್ರ ಕಂಪ್ಯೂಟರ್ ಕೆಟು ನನ ಜಾಗದಲಿ ಕೂತರಂತೆ. ಒಬ ರೋಗಿಗೆ ಡಾಕ್ಟರು 100 ಮಿಲಿಗ್ರಾಂ ಮಾತ್ರೆ ಅಂತ ಹೇಳಿದನು ಇವರು 10 ಅಂತ ಹೊಡೆದಿದಾರೆ. ಪುಣ್ಯಕೆ ನರ್ಸಮನ ಕಣಿಗೆ ಬಿತು. ಸಾಹೇಬ್ರು ಮಾತ್ರ ಸೊನೆ ಎರಡು ಸಲ ಒತಿದೀನಿ ಅಂತ ಆಣೆ ಮಾಡ್ತಾರೆ. ಈಗ ಅವರ ಕೈಗೆ ನೋಟೀಸು ಬಂದಿದೆ. ಸರಿಯಾದ ಕಾರಣ ಕೊಡದಿದ್ರೆ ಕೆಲಸದಿಂದ ಮನೆಗೆ. ವಯಸಾಯ್ತು, ತಪಾಯ್ತು ಅಂತ ಒಪ್ಕೊಂಡುಬಿಡಬಾರದಾ? ಇವರ ಹಟಕೆ ಸೂಪರಿಂಟೆಂಡೆಂಟ್ ಮೇಡಂ ನಮ ಕೀಬೋರ್ಡುಗಳನೆಲಾ ಎಲಿಗೋ ತಪಾಸಣೆಗೆ ಕಳಿಸ್ತಾರಂತೆ.

ಒಂದು ಮಾತು ಕೇಳ್ತೀನಿ. ಯಾರೋ ಒಳೇದಕೇ ಅಂತ ಒಳಗೆ ಏನೋ ಬದಲಾಯಿಸಿದ್ರೆ ಅದಕೂ ನೀವು ಹೊಂದುವುದಿಲ ಅಂತಲೇ ಬರೀತೀರಾ?

ಅಕ


27 ಜೂನ್

ಅಕ್ಕ,

ಹೌದು, ಹಾಗೇ ಬರೀತೀವಿ. ಕೇಳದೆ ಹೇಳದೆ ಮಾಡಿದರೆ ಒಳ್ಳೇದೂ ಕೆಟ್ಟದ್ದೂ ಹೊರಗಿನಿಂದ ಒಂದೇ ಥರ ಕಾಣುತ್ತೆ. ಒಳಗೆ ಇಳಿದು ಓದಿದರೆ ಮಾತ್ರ ವ್ಯತ್ಯಾಸ ಗೊತ್ತಾಗೋದು, ಅಷ್ಟು ಓದೋಕೆ ಯಾರಿಗೆ ಬಿಡುವಿದೆ? ಯಾಕೆ, ಭಾವ ಮತ್ತೆ ಏನಾದರೂ ಬಿಚ್ಚಿಕೊಂಡು ಕೂತಿದ್ದಾರಾ? ಅವರು ರಿಪೇರಿ ಮಾಡಿದ ಗೋಡೆ ಗಡಿಯಾರ ಹಿಂದಕ್ಕೆ ಓಡಿದ್ದನ್ನ ನಾನಿನ್ನೂ ಮರೆತಿಲ್ಲ ಅಂತ ಹೇಳು.

ನಿಮ್ಮ ಕ್ಯಾಶಿಯರ್ ಸಾಹೇಬರ ಕತೆ ಓದಿ ಅಯ್ಯೋ ಅನ್ನಿಸ್ತು. ಅಷ್ಟು ವರ್ಷ ಬೇರೆಯವರ ದುಡ್ಡು ಎಣಿಸಿದ ಮನುಷ್ಯ ಸೊನ್ನೆ ವಿಷಯದಲ್ಲಿ ಸುಳ್ಳು ಹೇಳ್ತಾರಾ?

ಮೊನ್ನೆ ಅಂಗಿಯ ಗುಂಡಿ ಹೊಲಿಯೋಕೆ ಕೂತಾಗ ಅಮ್ಮ ನೆನಪಾದಳು. ಹೊಲಿಗೆ ಅಂಗಡಿಯ ಕೊನೇ ದಿನಗಳಲ್ಲಿ ಸೂಜಿಗೆ ದಾರ ಪೋಣಿಸೋಕೆ ನಮ್ಮನ್ನ ಕರೀತಿದ್ದಳಲ್ಲ, "ಕಣ್ಣು ಮಂಜಾಗಿದೆ ಕಣ್ರೇ" ಅಂತ. ನಂಗೂ ಅವತ್ತು ದಾರ ಒಳಗೆ ಹೋಗಲೇ ಇಲ್ಲ. ಅಮ್ಮನ ಕಣ್ಣು ನನಗೆ ಬಂದಿರಬೇಕು. ತೋರಿಸ್ಕೋಬೇಕು, ನೀನೂ ತೋರಿಸ್ಕೋ.

ನನ್ನ ಮೇಜಿನ ಮೇಲೆ ಈ ವಾರ ಕೀಬೋರ್ಡುಗಳ ಒಂದು ರಾಶಿ ಬಂದು ಬಿದ್ದಿದೆ. ಎಲ್ಲಿಯದು ಅಂತ ಹೇಳೋ ಹಾಗಿಲ್ಲ, ನೀನು ಕೇಳಲೂಬೇಡ.

ಪುಟ್ಟಿ


10 ಜುಲೈ

ಪ್ರಿಯ ಪುಟ್ಟಿ,

ನಾನು ಚೆನ್ನಾಗಿದ್ದೇನೆ. ಕೆಲಸ ಹೆಚ್ಚು. ನಮಗೆಲ್ಲ ಬದಲಿ ಕೀಬೋರ್ಡು ಕೊಟ್ಟಿದ್ದಾರೆ. ನಿನ್ನ ಕಣ್ಣು ತೋರಿಸಿಕೋ. ಆ ರಾಶಿಯಲ್ಲಿ ಏನಾದರೂ ಸಿಕ್ಕಿತೆ?

ನಿನ್ನ ಅಕ್ಕ


14 ಜುಲೈ

ಅಕ್ಕ,

ನಿನ್ನ ಗಿಡ್ಡ ಕಾಗದ ಬಂತು. ಒಂದು ಒತ್ತೂ ತಪ್ಪಿಲ್ಲ, ಒಂದು ತಮಾಷೆಯೂ ಇಲ್ಲ. ಅಕ್ಕನಿಗೆ ಈಗ ನಿಜವಾಗಲೂ ಕೋಪ ಬಂದಿದೆ ಅಂದುಕೊಂಡೆ. ಅಷ್ಟು ಸಾಲನ್ನ ಅಳಿಸಿ ಅಳಿಸಿ ತಿದ್ದೋಕೆ ಊಟದ ಬಿಡುವು ಪೂರ್ತಿ ಹೋಗಿರಬೇಕು ಅಂತ ಆಗ ಹೊಳೆಯಲಿಲ್ಲ. ಈಗ ಹೊಳೆದಿದೆ.

ಆ ರಾಶಿ ನಿಮ್ಮ ಆಸ್ಪತ್ರೆಯದು. ಹೇಳೋ ಹಾಗಿರಲಿಲ್ಲ, ಹೇಳಲಿಲ್ಲ. ಒಂದು ಬಿಟ್ಟು ಎಲ್ಲವೂ ಹೊಂದಿದವು. ಹೊಂದದ ಆ ಒಂದನ್ನ ಪಕ್ಕಕ್ಕೆ ತೆಗೆದಿಟ್ಟೆ. ರೋಗಿಗಳ ಗುಟ್ಟು ಕದಿಯೋಕೆ ಯಾರೋ ಏನೋ ತುರುಕಿದ್ದಾರೆ ಅಂದುಕೊಂಡೆ. ಮುಚ್ಚಿಡೋದು ಯಾಕೆ, "ಒಳ್ಳೇದಕ್ಕೇ ಬದಲಾಯಿಸಿದ್ರೆ" ಅಂತ ನೀನು ಕೇಳಿದ್ದು ನೆನಪಾಗಿ ಭಾವನ ಮೇಲೇ ಅನುಮಾನ ಬಂತು. ಅವರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳು.

ಒಳಗೆ ಇಳಿದು ಒಂದೊಂದೇ ಸಾಲು ಓದಿದೆ. ಅದು ಏನನ್ನೂ ಕದಿಯಲ್ಲ, ಎಲ್ಲಿಗೂ ಕಳಿಸಲ್ಲ. ಒಂದು ಗುಂಡಿ ಒತ್ತಿದ ಮೇಲೆ, ಕಣ್ಣು ಮಿಟುಕಿಸೋದರೊಳಗೆ ಅದೇ ಗುಂಡಿಯನ್ನ ಮತ್ತೆ ಒತ್ತಿದರೆ ಎರಡನೆಯದನ್ನ ನುಂಗಿಬಿಡುತ್ತೆ. ಅಷ್ಟೇ ಅದರ ಕೆಲಸ. ಇಂಥ ಕೀಬೋರ್ಡು ಯಾರಿಗೆ ಬೇಕು ಅಂತ ಯೋಚಿಸ್ತಾ ಮನೆಗೆ ಬಂದೆ. ಚಪ್ಪಲಿ ಬಿಡುವಾಗ ತಲೆಗೆ ಬಂತು. ನೀನು ಕನ್ನಡ ಹೊಡೆಯೋದು ಇಂಗ್ಲಿಷ್ ಗುಂಡಿಗಳಲ್ಲಿ. "ಅಕ್ಕ" ಅಂತ ಮೂಡಬೇಕಾದರೆ ಕ ಗುಂಡಿ ಎರಡು ಸಲ ಒತ್ತಬೇಕು. ಎರಡನೆಯದನ್ನ ನುಂಗಿದರೆ ಉಳಿಯೋದು "ಅಕ". ನಿನ್ನ ಕಾಗದಗಳನ್ನ ತೆಗೆದು ಹರಡಿಕೊಂಡೆ. ಪುಟಿ. ಹುಚಿ. ಇಲಿ ಎಲಾ ಕ್ಷೇಮ. ಯಾವ ಸಾಲಿಗೆ ಬಸ್ಸಿನಲ್ಲಿ ನಕ್ಕಿದ್ದೆನೋ ಅದೇ ಸಾಲು ಓದಿ ಅತ್ತೆ.

ಒಂದು ಸಲ ಒತ್ತಿದರೆ ಬೆರಳು ತಾನಾಗೇ ಎರಡು ಸಲ ತಾಗೋರಿಗೆ ತಾನೇ ಇಂಥ ಕೀಬೋರ್ಡು ಬೇಕಾಗೋದು. ಕೈ ಯಾವಾಗಿನಿಂದ ನಡುಗ್ತಿದೆ ಅಕ್ಕ? ಆವತ್ತಿನ "ಸ್ವಲ್ಪ ಕೆಲಸ" ಡಾಕ್ಟರ ಹತ್ತಿರವಾ? ಕೈಬರಹ ಬಿಟ್ಟಿದ್ದೂ ಇದಕ್ಕೇನಾ? ನಾನು ನೋಟೀಸಿನ ಹಾಗಿದೆ ಅಂತ ಬರೆದೆನಲ್ಲ, ಆಗಲಾದರೂ ಹೇಳಬಾರದಿತ್ತಾ?

ಮುಂದಿನದನ್ನ ಕೂತು ಓದು. ಅಂಕಿಗಳನ್ನ ನುಂಗಬಾರದು ಅಂತ ಭಾವ ಜಾಣತನದಿಂದ ಮೇಲಿನ ಸಾಲಿನ ಅಂಕಿಗಳನ್ನ ಬಿಟ್ಟಿದ್ದಾರೆ. ನೀನು ಒತ್ತೋದು ಅವನ್ನೇ ತಾನೇ. ಆದರೆ ಬಲ ಮೂಲೆಯಲ್ಲಿ ಇನ್ನೊಂದು ಕಂತೆ ಅಂಕಿಗಳಿವೆ, ಅವನ್ನ ಬಿಡೋಕೆ ಮರೆತಿದ್ದಾರೆ. ಅಲ್ಲಿ ಒಂದು, ಸೊನ್ನೆ, ಸೊನ್ನೆ ಅಂತ ಬೇಗಬೇಗ ಒತ್ತಿ ನೋಡಿದೆ. ಪರದೆ ಮೇಲೆ 10 ಬಂತು. ಮತ್ತೆ ಒತ್ತಿದೆ, ಮತ್ತೆ 10.

ಕ್ಯಾಶಿಯರ್ ಸಾಹೇಬರು ಸೊನ್ನೆಯನ್ನ ಎರಡು ಸಲ ಒತ್ತಿದ್ದರು ಅಕ್ಕ.

"ಹೊಂದುತ್ತದೆ" ಅಂತ ಬರೆಯೋಕೆ ನನ್ನ ಕೈಲಾಗಲ್ಲ, ನಿನಗೋಸ್ಕರವೂ ಆಗಲ್ಲ. ಇದು ನನ್ನ ಅಕ್ಕನ ಕೀಬೋರ್ಡು ಅಂತ ನಾಳೆ ನಮ್ಮ ಸಾಹೇಬರಿಗೆ ಹೇಳಿ ಅವರ ಕೈಗೇ ಒಪ್ಪಿಸ್ತೀನಿ. ತಿಂಗಳ ಕೊನೆಗೆ ವರದಿ ನಿಮ್ಮ ಮೇಡಂಗೆ ಹೋಗುತ್ತೆ. ಅದಕ್ಕೆ ಮೊದಲು ನೀನೇ ಬಾಯಿಬಿಟ್ಟು ಹೇಳಿದರೆ ಅದು ನಿನ್ನ ಕಷ್ಟ ಅನ್ನಿಸಿಕೊಳ್ಳುತ್ತೆ. ವರದಿಯಿಂದ ಗೊತ್ತಾದರೆ ಕಳ್ಳತನ ಅನ್ನಿಸಿಕೊಳ್ಳುತ್ತೆ. ನಿನ್ನ ಕೆಲಸ ಹೋದರೂ ಹೋಗಬಹುದು, ಗೊತ್ತಿದ್ದೇ ಬರೀತಿದ್ದೀನಿ. ನನ್ನನ್ನ ಎಷ್ಟು ಬೇಕಾದರೂ ಬೈಕೋ, ಆದರೆ ಹೋಗಿ ಹೇಳು.

ಪುಟ್ಟಿ


22 ಜುಲೈ

ಪ್ರೀತಿಯ ಪುಟ್ಟಿಗೆ,

ಅಕ್ಷರ ನಿನ್ನ ಭಾವನದು, ಮಾತು ನನ್ನದು. (ಮಧ್ಯೆ ಮಧ್ಯೆ ನಾನೂ ಬಾಯಿ ಹಾಕ್ತೀನಿ. ಭಾವ.)

ನಿನ್ನ ಕಾಗದ ಓದಿ ಉರಿದುಬಿದ್ದೆ. ಬೆನ್ನಿಗೆ ಬಿದ್ದ ತಂಗಿ ಹೀಗೆ ಬರೀತಾಳಾ ಅಂತ ಇವರ ಮುಂದೆ ಹಾರಾಡಿದೆ. ಕೋಪ ಇಳಿದ ಮೇಲೆ ಬರೀ ಭಯ ಉಳೀತು.

ಅಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ ಪುಟ್ಟಿ. ಕೈ ನಡುಗ್ತಿತ್ತು. ನೀನು ಚಿಕ್ಕವಳು, ನಿನಗೆ ಗೊತ್ತಾಗೋದು ಬೇಡ ಅಂತ ನನ್ನಿಂದ ಮಾತು ತಗೊಂಡಿದ್ದಳು. ಗಿರಾಕಿಗಳಿಗೆ ಗೊತ್ತಾದಾಗ ಒಬ್ಬೊಬ್ಬರಾಗಿ ಬಂದು ಕೊಟ್ಟ ಬಟ್ಟೆ ವಾಪಸ್ ತಗೊಂಡು ಹೋದರು. ಒಬ್ಬರೂ ಬೈಯಲಿಲ್ಲ. ಎಲ್ಲರೂ "ಸುಧಾರಿಸ್ಕೊಳ್ಳಿ ಅಮ್ಮ" ಅಂತ ಹೇಳಿಯೇ ಹೋದದ್ದು. ಆ ಒಂದು ಮಾತು ನನ್ನ ಕಿವಿಗೆ ಬೀಳಬಾರದು ಅಂತ ಇಷ್ಟೆಲ್ಲ ಮಾಡಿದೆ. ಒಂದು ಸಲ ಒತ್ತಿದ್ರೆ ಬೆರಳು ಎರಡು ಸಲ ತಾಗ್ತಿತ್ತು, ಪರದೆ ತುಂಬ ಬೇಡದ ಒತ್ತು. ತಿದ್ದಿ ತಿದ್ದಿ ಕೆಲಸ ಮುಗೀತಾನೇ ಇರಲಿಲ್ಲ. ಇವರ ಮುಂದೆ ಕೂತು ಅತ್ತೆ.

(ಕೀಬೋರ್ಡನ್ನ ಅಂಗಡಿಗೆ ತಾ ಅಂದವನು ನಾನೇ. ಅಂಕಿಗಳ ಬಗ್ಗೆ ಯೋಚನೆ ಮಾಡಿದ್ದೆ ಪುಟ್ಟಿ. ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂರಬಹುದು ಅಂತ ಯೋಚನೆ ಮಾಡಲಿಲ್ಲ. ನಿನ್ನಕ್ಕ ಒಬ್ಬಳೇ ನನ್ನ ಕಣ್ಣ ಮುಂದೆ ಇದ್ದಳು. ಅನುಮಾನ ಪಟ್ಟಿದ್ದಕ್ಕೆ ಕ್ಷಮೆ ಬೇಡ, ಗಡಿಯಾರದ ಮಾತೆತ್ತಿದ್ದಕ್ಕೆ ಕೇಳು.)

ಅಂಕಿ ಮುಟ್ಟಿಲ್ಲ ಅಂತ ಇವರು ಹೇಳಿದ್ದನ್ನ ನಂಬಿ, ಸಾಹೇಬ್ರದೇ ತಪ್ಪು ಅಂತ ನಿನಗೆ ಹೇಗೆಲ್ಲ ಬರೆದೆ ನೋಡು. ನಿನ್ನೆ ಮೇಡಂ ಕೋಣೆಗೆ ಹೋದೆ, ಸಾಹೇಬ್ರನ್ನೂ ಕರೆಸಿ ಅಂದೆ. ಇಷ್ಟು ದಿನ ಮಡಿಲಲ್ಲಿ ಬಚ್ಚಿಟ್ಟ ಕೈಯನ್ನ ಮೇಡಂ ಮೇಜಿನ ಮೇಲಿಟ್ಟೆ. ಅದರ ಪಾಡಿಗೆ ಅದು ನಡುಗ್ತಾ ಇತ್ತು, ಪಕ್ಕದಲ್ಲಿದ್ದ ಚಹಾದ ಲೋಟ ಟಣಟಣ ಅಂತಿತ್ತು. ಎಲ್ಲ ಹೇಳಿದೆ.

ಸಾಹೇಬ್ರು ಬೈತಾರೆ ಅಂತ ಕಾದೆ. ಅವರು ಕುರ್ಚಿ ಹಿಡ್ಕೊಂಡು ಮೆಲ್ಲಗೆ ಕೂತರು. "ಹಾಗಾದ್ರೆ ನಾನು ಒತ್ತಿದ್ದೆ ಅಲ್ವೇನಮ್ಮ?" ಅಂದ್ರು.

"ಒತ್ತಿದ್ರಿ ಸಾರ್, ಎರಡು ಸಲಾನೂ ಒತ್ತಿದ್ರಿ" ಅಂದೆ.

"ನನ್ನ ತಲೆ ಹೋಯ್ತು ಅಂದ್ಕೊಂಡಿದ್ದೆ ಕಣಮ್ಮ. ನಮ್ಮಣ್ಣನಿಗೂ ಹೀಗೇ ಸಣ್ಣದಾಗಿ ಶುರುವಾಗಿದ್ದು, ಕೊನೆಗೆ ಮಕ್ಕಳ ಗುರುತೂ ಸಿಗಲಿಲ್ಲ. ಹೊರಗೆ ಆಣೆ ಮಾಡ್ತಿದ್ದೆ, ಒಳಗೆ ನಂಗೇ ನಂಬಿಕೆ ಇರಲಿಲ್ಲ. ಮನೇಲಿ ಯಾರಿಗೂ ಹೇಳಿಲ್ಲ" ಅಂತ ಕನ್ನಡಕ ತೆಗೆದು ಒರೆಸ್ಕೊಂಡ್ರು.

ನನ್ನ ಕೈ ಮುಚ್ಚಿಡೋಕೆ ಹೋಗಿ ಆ ಮನುಷ್ಯನಿಗೆ ಅವರ ತಲೆಯ ಮೇಲೇ ಅನುಮಾನ ಬರೋ ಹಾಗೆ ಮಾಡಿದ್ದೆ. ನನಗೆ ಅಳು ಬಂತು, ನಾಚಿಕೆಯೂ ಆಯ್ತು. ನೀನು ಹೇಳದಿದ್ದರೆ ನಾನು ಹೋಗ್ತಿರಲಿಲ್ಲ, ಅದನ್ನ ಒಪ್ಕೋತೀನಿ.

ಅವರ ನೋಟೀಸನ್ನ ಮೇಡಂ ಅಲ್ಲೇ ಹರಿದು ಹಾಕಿದ್ರು. ನನ್ನ ವಿಷಯ ನಿಮ್ಮ ವರದಿ ಬಂದ ಮೇಲೆ ನೋಡ್ತಾರಂತೆ. ಅಲ್ಲಿವರೆಗೆ ಟೈಪಿಂಗ್ ಬೇಡ, ಫೈಲು ಜೋಡಿಸಿ ಅಂದಿದ್ದಾರೆ. ಬಾಗಿಲವರೆಗೆ ಬಂದು ನನ್ನ ಭುಜ ಮುಟ್ಟಿ "ಸುಧಾರಿಸ್ಕೊಳ್ಳಿ" ಅಂದ್ರು.

ಅಕ್ಕ


6 ಆಗಸ್ಟ್

ಪ್ರೀತ್ತಿಯ ಪುಟ್ಟಿಗೆ,

ಇದು ಬದ್ದಲಿ ಕೀಬೋರ್ಡು. ಈ ಕ್ಕಾಗದದಲ್ಲಿ ಒಂದಕ್ಷರವೂ ತಿದ್ದಲ್ಲ ಅಂತ್ತ ಕೂತಿದ್ದೀನಿ. ನನ್ನ ಮ್ಮುಖ ನೋಡ್ಬೇಕು ಅಂದಿದ್ದೆಯಲ್ಲ, ಈಗ ನನ್ನ ಮುಖ ಹೀಗ್ಗೇ ಇದೆ.

ನಿಮ್ಮ ವರದಿ ಬಂತು. ಮೇಡಂ ನನ್ನನ್ನೂ ಕ್ಯಾಶಿಯರ್ ಸಾಹೇಬ್ರನ್ನೂ ಕ್ಕೂರಿಸಿ ಓದಿದ್ರು. ಮೊದಲ್ಲನೇ ಸಾಲು, ಹೊಂದುವುದಿಲ್ಲ. ನನ್ನ ಕತ್ತೆ ಮುಗೀತು ಅಂದ್ಕೊಂಡೆ. (ಕತೆ ಅಂತ್ತ ಬರೆಯೋಕೆ ಹೋದೆ, ನೀನು ನಗು.) ಎರಡನ್ನೇ ಸಾಲು, ಕ್ಕಾರಣ ತಿಳಿದಿದೆ, ಇದು ಏನನ್ನೂ ಕದಿಯುವುದಿಲ್ಲ. ಆಮೇಲೆ, ಬಲಗಡೆಯ ಅಂಕಿಗಳ ದೋಷ ತ್ತಿದ್ದಿ, ಹೊಸ ಬೆರಳಚ್ಚು ಪಡೆದು, ಬಳಸುವವರ ಹೆಸರಲ್ಲಿ ದ್ದಾಖಲಿಸಿ, ಅವರಿಗೆ ಮಾತ್ರ ಕೊಡಬಹುದು. ಕೆಳಗೆ ನಿಮ್ಮ ಸಾಹೇಬರ ಸಹಿ. ಅದರ ಕೆಳಗೆ, ಇದ್ದನ್ನು ಮೊದಲು ಪರೀಕ್ಷಿಸಿದ ನಾನು ಇವರ ತಂಗ್ಗಿ, ಅಂತ ನಿನ್ನ ಸಹಿ. ಮೂರನೇ ಮಾತ್ತಿಲ್ಲ ಅಂತಿದ್ದವಳು ಎಷ್ಟು ಮಾತಾಡಿದ್ದೀಯ!

ಸೋಮವಾರದಿಂದ ಮತ್ತೆ ಟೈಪ್ಪಿಂಗ್. ತಿದ್ದಿದ ಕೀಬೋರ್ಡು ನಿಮ್ಮಲ್ಲಿಂದ ಹೊರಟಿದೆಯಂತ್ತೆ. ಅದು ಬರೋ ಮೊದಲ್ಲೇ ಕ್ಯಾಶಿಯರ್ ಸಾಹೇಬ್ರು ಅದಕ್ಕೊಂದು ಚ್ಚೀಟಿ ಬರೆದು ಇಟ್ಕೊಂಡಿದ್ದಾರೆ. ಇದು ನುಂಗ್ಗುತ್ತದೆ, ಬೇರೆಯವರು ಮುಟ್ಟಬೇಡಿ, ಅಂತ. ನನ್ನ ಕೈ ವಿಷಯ ಈಗ ಎಲ್ಲರಿಗೂ ಗೊತ್ತು. ಡಾಕ್ಟರ್ರು ಹೇಳಿದ ಪ್ರಕ್ಕಾರ ಇದು ಹೋಗೋ ಕ್ಕಾಯಿಲೆ ಅಲ್ಲ, ಜೀವ ತೆಗೆಯೋದೂ ಅಲ್ಲ. ನಂಗೆ ಅಷ್ಟು ಸಾಕು.

ಸೂಜಿಗೆ ದಾರ ಹೋಗ್ಗಲಿಲ್ಲ ಅಂತ ಬರೆದಿದ್ದೆ. ಕಣ್ಣು ತೋರಿಸ್ಕೋ ಅಂದೆ ನಾನು, ಅಮ್ಮನ ಸುಳ್ಳನ್ನೇ ನಿನ್ನಗೂ ದಾಟಿಸ್ಸಿದೆ. ಈ ಕಾಗದ ಕೆಳ್ಳಗಿಟ್ಟು ಎರಡೂ ಕೈ ಮುಂದಕ್ಕೆ ಚಾಚಿ ನೋಡ್ಕೋ. ನಡುಗದಿದ್ರೆ ಸರಿ. ನಡ್ಡುಗಿದ್ರೆ ಮೊದಲು ನಂಗೆ ಬರಿ, ಕೈಯಲ್ಲೇ ಬರಿ, ಅಕ್ಷರ ಹೇಗಿದ್ರೂ ಪರವಾಗಿಲ್ಲ, ನಾನು ಓದ್ತೀನಿ.

ಕೊನೆಗೆ ಸಹಿ ಹಾಕ್ಕೋ ಜಾಗದಲ್ಲೂ ಒಂದು ಒತ್ತು ಜಾಸ್ತಿ ಬ್ಬಿತ್ತು. ತಿದ್ದಲ್ಲ. ಇಷ್ಟು ದಿನ ನುಂಗಿದ್ದು ಅಂತ್ತ ಇಟ್ಕೋ.

ನಿನ್ನ
ಅಕ್ಕ್ಕ